ಕಣ್ಣಿನ ಮೇಲೆ ಹೊರಿಸಿದ ತಪ್ಪು

ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರಿನ ಬೋರ್ಡು ರಿಪೇರಿ ಮಾಡುವ ಅಂಗಡಿ ಬಸವಲಿಂಗನದು. ಆದರೆ ಬೋರ್ಡಿನ ಎದುರು ಕೂರುವವಳು ಅವನ ಹೆಂಡತಿ ದಾನೇಶ್ವರಿ. ಕೆಲಸ ಕಲಿಸಿದವನು ಅವನೇ. ಎಳ್ಳುಕಾಳಿನಷ್ಟು ಸಣ್ಣ ಭಾಗಗಳನ್ನು ಚಿಮಟದಲ್ಲಿ ಹಿಡಿಯುವಾಗ ಉಸಿರು ಬಿಗಿಹಿಡಿಯಬೇಕೆಂದು ತೋರಿಸಿಕೊಟ್ಟವನೂ ಅವನೇ. ಬರಬರುತ್ತ ಕಲಿತವಳ ಕೈ ಕಲಿಸಿದವನ ಕೈಯನ್ನು ಹಿಂದಿಕ್ಕಿತು. ಹುಕ್ಕೇರಿ ಕಡೆಯ ರೈತರೂ ಅಂಗಡಿಗೆ ಕಾಲಿಟ್ಟವರೇ "ಅಕ್ಕಾರ ಇಲ್ಲೇನ್ರಿ?" ಎಂದು ಕೇಳುವಂತಾಯಿತು. ಬಸವಲಿಂಗ ನಗುತ್ತಲೇ ಅವಳನ್ನು ಕೂಗುತ್ತಿದ್ದ. ಅದು ಹೆಮ್ಮೆಯ ನಗು ಅಂದುಕೊಂಡಿದ್ದಳು, ಪಾಪ.

ಈಚೆಗೆ ಅವಳು ಸರಿಮಾಡಿದ ಬೋರ್ಡುಗಳು ವಾರ ತುಂಬುವುದರೊಳಗೆ ಕೆಟ್ಟು ತಿರುಗಿ ಬರತೊಡಗಿದವು.

"ನಿನ್ನ ಕಣ್ಣು ಮೊದಲಿನಂಗ ಇಲ್ಲ," ಎಂದ ಬಸವಲಿಂಗ, ಬಲು ಮೆತ್ತಗೆ. "ನೀ ಗಲ್ಲಾದ ಮ್ಯಾಲ ಕುಂಡ್ರು. ಬೋರ್ಡ್ ನಾ ನೋಡ್ಕೋತೇನಿ."

ಗೋಕಾಕದ ಕಣ್ಣಿನ ಡಾಕ್ಟರು ಕಣ್ಣಿಗೆ ಏನೂ ಆಗಿಲ್ಲವೆಂದರು. "ಅವ್ರಿಗೇನ ಗೊತ್ತ ನಮ್ಮ ಕೆಲಸದ ಸೂಕ್ಷ್ಮ?" ಎಂದ ಗಂಡ. ಅವಳು ಡಾಕ್ಟರನ್ನು ಬಿಟ್ಟು ಗಂಡನನ್ನು ನಂಬಿದಳು. ನಂಬದೆ ಏನು ಮಾಡಿಯಾಳು, ಕೈಹಿಡಿದು ಕಲಿಸಿದವನಲ್ಲವೆ? ಮನೆಯಲ್ಲಿ ಜೋಳ ಹಸನು ಮಾಡುವಾಗಲೂ ಕಲ್ಲು ಬಿಟ್ಟೆನೇನೋ ಎಂದು ಮೊರವನ್ನು ಮತ್ತೆ ಮತ್ತೆ ಬೆಳಕಿಗೆ ಹಿಡಿಯುತ್ತಿದ್ದಳು.

ತುಕ್ಕಾನಟ್ಟಿಯ ರೈತ ಮಾಲಿಂಗನ ಬೋರ್ಡು ಮತ್ತೆ ಬಂದಾಗ ಬಸವಲಿಂಗ ಊಟಕ್ಕೆ ಹೋಗಿದ್ದ. ಇದೊಂದು ಮುಗಿಸಿ ಕುರ್ಚಿ ಬಿಟ್ಟುಬಿಡೋಣವೆಂದು ದಾನೇಶ್ವರಿ ಕುಳಿತಳು. ಬೋರ್ಡಿಗೆ ಸಣ್ಣಗೆ ಕರೆಂಟು ಕೊಟ್ಟು ಮೇಲೆ ಸ್ಪಿರಿಟ್ ಸವರಿದಳು. ಎಲ್ಲ ಕಡೆ ಒದ್ದೆಯಿದ್ದರೂ ಕೆಪ್ಯಾಸಿಟರ್ ಎಂಬ ಒಂದು ಸಣ್ಣ ಕಂದು ಭಾಗದ ಮೇಲೆ ಮಾತ್ರ ಥಟ್ಟನೆ ಆರಿತು. ಶಾರ್ಟ್ ಆದದ್ದು ಬಿಸಿಯಾಗುತ್ತದೆ, ಬಿಸಿಯಾದ ಜಾಗ ಮೊದಲು ಆರುತ್ತದೆ. ಇಷ್ಟು ದಿನ ಕೆಟ್ಟ ಭಾಗ ಸಿಕ್ಕೊಡನೆ ನಾಚಿಕೆಯಿಂದ ಕಿತ್ತೆಸೆದು ಹೊಸದು ಕೂರಿಸಿಬಿಡುತ್ತಿದ್ದಳು. ಈ ಸಲ ತನ್ನ ಕಣ್ಣು ಎಲ್ಲಿ ತಪ್ಪಿತೆಂದು ತಿಳಿಯಲು ಭೂತಗನ್ನಡಿ ಹಿಡಿದಳು.

ರಿಪೇರಿ ಮುಗಿದ ಬೋರ್ಡಿಗೆ ತೇವ ತಾಗದಿರಲೆಂದು ಅವಳು ವಾರ್ನಿಷ್ ಬಳಿಯುತ್ತಿದ್ದಳು. ಆ ವಾರ್ನಿಷ್ ಕೆಪ್ಯಾಸಿಟರಿನ ಎರಡೂ ಬದಿ ಒಡೆದಿತ್ತು. ಅಲ್ಲಿ ಇಕ್ಕಳ ಒತ್ತಿದ ಗುರುತು, ನಡುವೆ ಕೂದಲೆಳೆಯಂಥ ಸೀಳು. ಅಂದರೆ ಬೋರ್ಡು ಅವಳ ಕೈಬಿಟ್ಟ ಮೇಲೆ ಆದದ್ದು. ಇಕ್ಕಳದಿಂದ ಅದುಮಿದ ಕೆಪ್ಯಾಸಿಟರ್ ಕೂಡಲೇ ಸಾಯುವುದಿಲ್ಲ, ಸೀಳಿನೊಳಗೆ ತೇವ ಇಳಿದು ನಾಲ್ಕಾರು ದಿನಕ್ಕೆ ಸಾಯುತ್ತದೆ. ಈ ಗುಟ್ಟು ಯಾವ ರೈತನಿಗೂ ಗೊತ್ತಿರಲಿಕ್ಕಿಲ್ಲ. "ಇಕ್ಕಳ ಮುಟ್ಟಿಸಬ್ಯಾಡ, ಇವತ್ತ ನಡದು ನಾಳೆ ಕೈಕೊಡ್ತೈತಿ" ಎಂದು ಮೊದಲ ಪಾಠದಲ್ಲೇ ಹೇಳಿದವನು ಬಸವಲಿಂಗ. ಬೋರ್ಡುಗಳನ್ನು ಹೊಲಕ್ಕೆ ಒಯ್ದು ಕೂರಿಸಿ ಬರುವವನೂ ಅವನೇ.

ಗಂಡ ಬಂದಾಗ ಬೋರ್ಡನ್ನೂ ಭೂತಗನ್ನಡಿಯನ್ನೂ ಅವನ ಮುಂದೆ ಸರಿಸಿದಳು. ಅವನು ಭೂತಗನ್ನಡಿ ಮುಟ್ಟಲೇ ಇಲ್ಲ.

"ಎಲ್ಲಾ ಬೋರ್ಡಿಗೂ ಹಿಂಗ ಮಾಡೀರೇನು?"

"ಅಂಗಡಿ ನಂದು. ಬಂದವ್ರೆಲ್ಲಾ ನನ್ನ ಮುಂದ ನಿಂತು ನಿನ್ನ ಕೇಳ್ತಾರ," ಎಂದ. "ಎಷ್ಟಂತ ತಾಳ್ಕೊಳ್ಳಲಿ?"

"ಏಳಂದ್ರ ಎದ್ದು ಕುರ್ಚಿ ಬಿಟ್ಟ ಕೊಡ್ತಿದ್ದೆ," ಎಂದಳು ಅವಳು. "ನನ್ನ ಕಣ್ಣ ಮ್ಯಾಲ ನನಗ ನಂಬಿಗಿ ಇಲ್ಲದಂಗ ಯಾಕ ಮಾಡಿದ್ರಿ?"

ಅಷ್ಟರಲ್ಲಿ ಮಾಲಿಂಗನೇ ಬಾಗಿಲಿಗೆ ಬಂದ. "ಏನಾಗಿತ್ರಿ ಬೋರ್ಡಿಗೆ? ಕಬ್ಬು ಬಾಡಾಕತ್ತೇತಿ."

ಅವಳು ಗಂಡನ ಮುಖ ನೋಡಿದಳು. ತಪ್ಪೊಪ್ಪುವ ಒಂದು ಮಾತು ಸಾಕಿತ್ತು, ಅರ್ಧ ಮಾತಾದರೂ ಸಾಕಿತ್ತು. ಬಸವಲಿಂಗ ಮಾಲಿಂಗನ ಹೆಗಲ ಮೇಲೆ ಕೈಯಿಟ್ಟ.

"ಆಕಿಗೆ ಕಣ್ಣ ಸರಿ ಕಾಣಂಗಿಲ್ಲಪಾ. ನಾ ಮಾಡಿಕೊಡ್ತೇನಿ, ಕುಂಡ್ರು."

ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿ ಮುಂದಕ್ಕೆಳೆದಳು. ಸೀಳಿದ್ದನ್ನು ತೆಗೆದು ಹೊಸದು ಕೂರಿಸಿದಳು, ವಾರ್ನಿಷ್ ಬಳಿದಳು. ಅದು ಆರುವ ತನಕ ಬೋರ್ಡನ್ನು ತನ್ನ ಮುಂದೆಯೇ ಇಟ್ಟುಕೊಂಡಳು. ಬೋರ್ಡಿಗಾಗಿ ಗಂಡ ಕೈ ಚಾಚಿದಾಗ ಅವಳು ಆ ಕೈ ದಾಟಿಸಿ ಮಾಲಿಂಗನಿಗೆ ಕೊಟ್ಟಳು.

"ಅಣ್ಣಾರ, ಇನ್ನ ಮ್ಯಾಲ ನನ್ನ ಕೈಯಾಗ ಕೊಡ್ರಿ, ನನ್ನ ಕೈಯಿಂದನ ಒಯ್ರಿ. ಕೂಡಸಾಕ ನಿಮ್ಮೂರ ವೈರಮನ್‌ನ ಕರೀರಿ."

"ಯಾಕ್ರಿ, ಇವ್ರು ಅದಾರಲ್ಲ?"

"ಇವ್ರ ಕೈಯಾಗಂತೂ ಕೊಡಬ್ಯಾಡ್ರಿ," ಎಂದಳು ದಾನೇಶ್ವರಿ.