ಗಸಿ ಕೂರುವ ತನಕ

ಟ್ರೀನಾ ಊರಿನ ರೂಢಿಯಂತೆ ಕಾಫಿಪುಡಿಗೆ ಮೊಟ್ಟೆ ಒಡೆದು, ಚಿಪ್ಪನ್ನೂ ಅದರೊಳಗೇ ಪುಡಿಮಾಡಿ ಕಲಸುತ್ತಿದ್ದಾಗ ಆರ್ಡಿಸ್ ಮತ್ತೆ ಅಡುಗೆಮನೆಯ ಬಾಗಿಲಲ್ಲಿ ತಲೆ ಹಾಕಿದಳು. ಚರ್ಚಿನ ನೆಲಮಾಳಿಗೆಯಲ್ಲಿ ಸಾವಿನ ಊಟ ಯಾರದೇ ಇರಲಿ, ಯಜಮಾನಿಕೆ ಆರ್ಡಿಸಳದು.

"ಮಾರ್ಲಿಸ್, ಮೇಲೆ ಊರಿಗೆ ಊರೇ ಬಂದು ಕೂತಿದೆ. ಅಷ್ಟು ದೊಡ್ಡ ಪಾತ್ರೆನ ಮಗಳ ಕೈಗೆ ಕೊಟ್ಟು ಸುಮ್ನಿದ್ದೀಯಲ್ಲ."

"ನಾನೆಲ್ಲಿ ಕೊಟ್ಟೆ? ವರ್ನಾ ಟೀಚರೇ ಪಾದ್ರಿ ಹತ್ರ ಹೇಳಿ ಹೋಗಿದ್ದಾರೆ. ನನ್ನ ಸಾವಿನ ಊಟದ ಕಾಫಿ ಟ್ರೀನಾದು, ಯಾರೂ ಕೈ ಹಾಕ್ಬಾರ್ದು ಅಂತ."

"ಸತ್ತ ಮೇಲೂ ಪಾಠ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ," ಎಂದು ಗೊಣಗುತ್ತ ಆರ್ಡಿಸ್ ಸ್ಯಾಂಡ್‌ವಿಚ್ ಜೋಡಿಸಲು ಹೋದಳು.

ಟ್ರೀನಾ ತಲೆಯೆತ್ತಲಿಲ್ಲ. "ಅಮ್ಮ, ಮಾತು ಅಂದ್ರೆ ಮಾತು. ಕಾಫಿ ನಾನೊಬ್ಳೇ ಮಾಡಿದ್ರೆ ಮನೆ."

"ಹೂಂ."

ಮನೆಯೆಂದರೆ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆ, ಒಂದು ಒಲೆ. ಮೂವತ್ತು ದಾಟಿದ ಟ್ರೀನಾ ಅಲ್ಲಿ ಒಬ್ಬಳೇ ಇರುತ್ತೇನೆಂದು ಹಠ ಹಿಡಿದು ವರ್ಷವಾಗಿತ್ತು. ಅವಳು ಹುಟ್ಟಿದಾಗ ಮಗುವಿಗೆ ಡೌನ್ ಸಿಂಡ್ರೋಮ್ ಎಂದು ಡಾಕ್ಟರು ಹೇಳಿದ ದಿನದಿಂದ ಮಾರ್ಲಿಸ್ ಮಗಳ ಬೆನ್ನು ಬಿಟ್ಟವಳಲ್ಲ. ನಿನ್ನೆ ಅವಳ ಕಾಟ ತಾಳಲಾರದೆ, "ಟೀಚರ ಕಾಫಿ ಸರಿಯಾಗಿ ಮಾಡು, ಆಮೇಲೆ ಹೋಗು" ಎಂದುಬಿಟ್ಟಿದ್ದಳು.

* * *

ಟ್ರೀನಾ ಹದಿಮೂರರವಳಿದ್ದಾಗ ಮಾರ್ಲಿಸ್ ಮೊದಲ ಸಲ ವರ್ನಾ ಟೀಚರ ತರಗತಿಗೆ ಹೋಗಿದ್ದಳು. ಟ್ರೀನಾಳಂಥ ಮಕ್ಕಳಿಗೆ ತಾವೇ ಮನೆ ನಡೆಸುವುದನ್ನು ಕಲಿಸುವ ತರಗತಿ ಅದು. ಅಲ್ಲಿ ಒಲೆ, ಮಂಚ, ಬಟ್ಟೆ ಒಗೆಯುವ ಯಂತ್ರ, ಗೋಡೆಯೇ ಇಲ್ಲದ ಒಂದು ಮುಂಬಾಗಿಲು. ಮಕ್ಕಳು ಸರದಿಯ ಮೇಲೆ ಅಪರಿಚಿತರಾಗಿ ಬಂದು ಅದರ ಗಂಟೆ ಒತ್ತುತ್ತಿದ್ದರು. ತೆಗೆಯಬೇಕೋ ಬೇಡವೋ ಎಂದು ಒಳಗಿನವರು ಯೋಚಿಸಬೇಕು.

ಅಂದು ಟ್ರೀನಾ ಬಾಣಲೆಗೆ ಪ್ಯಾನ್‌ಕೇಕ್ ಹಿಟ್ಟು ಹೊಯ್ದು ಮಗುಚುವುದನ್ನೇ ಮರೆತಿದ್ದಳು. ಹೊಗೆ ಎದ್ದಿತು. ಮಾರ್ಲಿಸಳ ಕೈ ತಾನಾಗಿ ಮುಂದೆ ಹೋಯಿತು.

"ಕೈ ಜೇಬಲ್ಲಿಟ್ಕೊಳ್ಳಿ," ಎಂದರು ಟೀಚರ್. ಅವರ ಕೈಗಳು ಏಪ್ರನ್ನಿನ ಜೇಬಿನಲ್ಲೇ ಇದ್ದವು.

"ನನ್ನ ಡ್ರೆಸ್ಸಿಗೆ ಜೇಬಿಲ್ಲ."

"ಹಾಗಾದ್ರೆ ಹೊರಗೆ ಬೆಂಚಿದೆ."

ಮಾರ್ಲಿಸ್ ಬಾಗಿಲ ಗಾಜಿನಿಂದ ನೋಡಿದಳು. ಟೀಚರೂ ಟ್ರೀನಾಳೂ ಎದುರುಬದುರು ಕೂತು ಆ ಕರಕಲನ್ನು ತಿಂದರು. ಅರ್ಧಕ್ಕೆ ಟ್ರೀನಾ ಮುಖ ಕಿವುಚಿ, ಎದ್ದುಹೋಗಿ ಇನ್ನೊಂದು ಹೊಯ್ದಳು. ಆ ಹೆಂಗಸಿಗೆ ಎದೆಯಲ್ಲಿ ಕಲ್ಲಿದೆ ಎಂದು ಮಾರ್ಲಿಸ್ ಗಂಡನೆದುರು ಅತ್ತಿದ್ದಳು.

ಕೆಲವು ವರ್ಷಗಳ ನಂತರ ಟ್ರೀನಾ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದಳು. ಮಾರ್ಲಿಸ್ ಕದ್ದು ಕಾರಿನಲ್ಲಿ ಹಿಂಬಾಲಿಸಿದರೆ, ಬಸ್ಸಿಗೂ ತನಗೂ ನಡುವೆ ಟೀಚರ ಹಳೆಯ ಪಿಕಪ್ ಗಾಡಿ. ಕೆಂಪು ದೀಪದ ಹತ್ತಿರ ಟೀಚರ್ ಇಳಿದು ಬಂದು ಕಿಟಕಿ ತಟ್ಟಿದರು.

"ಇಬ್ರು ಬೇಡ. ಹೆದರೋದಕ್ಕೆ ಒಬ್ರು ಸಾಕು. ನೀವು ಮನೆಗೆ ಹೋಗಿ," ಎಂದರು.

* * *

ಮೇಲೆ ಕೊನೆಯ ಹಾಡು ಶುರುವಾಯಿತು. ಟ್ರೀನಾ ಕುದಿಯುವ ಪಾತ್ರೆಯ ಒಲೆ ಆರಿಸಿ, ಸೌಟು ಹಿಡಿದೇ ಮೆಟ್ಟಿಲ ಬುಡಕ್ಕೆ ಹೋಗಿ, ಹಾಡು ಮುಗಿಯುವವರೆಗೂ ಬಿಕ್ಕಿ ಬಿಕ್ಕಿ ಅತ್ತಳು. ತಿರುಗಿ ಬಂದು ಮುಖ ತೊಳೆದು ಕಪ್ಪುಗಳನ್ನು ಸಾಲಾಗಿಟ್ಟಳು.

ತಣ್ಣೀರಿನ ಜಗ್ಗು ಕಟ್ಟೆಯ ಮೇಲೆ ತುಂಬಿದ ಹಾಗೇ ಇತ್ತು. ಕೊನೆಗೆ ಅದನ್ನು ಸುರಿದರೇ ಮೊಟ್ಟೆ ಹಿಡಿದ ಪುಡಿ ತಳ ಸೇರುವುದು. ಇಲ್ಲವಾದರೆ ಕಪ್ಪಿನ ತುಂಬ ಗಸಿ. ಮಾರ್ಲಿಸ್ ಜಗ್ಗನ್ನು ನೋಡಿದಳು, ಮಗಳನ್ನು ನೋಡಿದಳು, ಬಾಯಿ ಬಿಡಲಿಲ್ಲ.

ಟೀಚರ ಮಾತು ನಡೆಸುತ್ತಿದ್ದೇನೆ ಎಂದುಕೊಂಡಳು. ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ಕಾಫಿ ಕೆಟ್ಟರೆ ಕೋಣೆಯ ಮಾತು ಬಿದ್ದುಹೋಗುತ್ತದೆ, ಮಗಳು ತನ್ನ ಹತ್ತಿರವೇ ಉಳಿಯುತ್ತಾಳೆ. ಅವಳಿಗೆ ಬೇಕಿದ್ದದ್ದು ಅದು. ಟೀಚರೂ ಹೀಗೇ ಸುಮ್ಮನೆ ನಿಲ್ಲುತ್ತಿದ್ದರು, ಆದರೆ ಸೋಲಲಿ ಎಂದಲ್ಲ. ಮಾರ್ಲಿಸಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಜನ ಇಳಿದು ಬಂದರು.

ಮೊದಲ ಕಪ್ಪು ಟೀಚರ ತಮ್ಮ ಓರಿನ್‌ನದು. ಒಂದು ಗುಟುಕು ಕುಡಿದು ಮೀಸೆ ಒರೆಸಿಕೊಂಡ. ಕರವಸ್ತ್ರದ ತುಂಬ ಕಾಫಿಪುಡಿ.

"ನಮ್ಮಕ್ಕ ಕಾಫಿ ಕುಡೀತಿದ್ಲು ಕಣಮ್ಮ," ಎಂದ. "ಅಗೀತಿರ್ಲಿಲ್ಲ."

ಹಿಂದೆ ಯಾರೋ ನಕ್ಕರು. ಟ್ರೀನಾಳ ಮುಖ ಕೆಂಪಾಯಿತು. ಆರ್ಡಿಸ್ ಅಂಗಿಯ ತೋಳು ಮಡಿಸುತ್ತ ಬಂದಳು. "ನಾನಾಗ್ಲೇ ಹೇಳಿದ್ದೆ. ಬಿಡು ಮಗು, ನಾನು ನೋಡ್ಕೋತೀನಿ."

ಮಾರ್ಲಿಸ್ ಅವಳಿಗೆ ಅಡ್ಡ ನಿಂತಳು.

"ದಾರಿ ಬಿಡೇ. ಜನ ಕಾಯ್ತಿದಾರೆ."

"ಕಾಯ್ಲಿ."

ಟ್ರೀನಾ ಓರಿನ್‌ನ ಕಪ್ಪು ಇಸಿದುಕೊಂಡು ಇಣುಕಿದಳು. ಪಾತ್ರೆಯೊಳಗೆ ಇಣುಕಿದಳು. ಬೆರಳು ಮಡಿಸುತ್ತ, ಮಾಡಿದ್ದನ್ನೆಲ್ಲ ತುಟಿಯಲ್ಲೇ ಹೇಳಿಕೊಂಡಳು. ಎಲ್ಲೋ ತಪ್ಪಿ ಮತ್ತೆ ಮೊದಲಿನಿಂದ ಹೇಳಿಕೊಂಡಳು. ಮಾರ್ಲಿಸ್ ನಾಲಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಈ ಸಲ ಅವಳಿಗೆ ನಿಜವಾಗಿ ಹೆದರಿಕೆಯಾಗಿತ್ತು, ಮಗಳಿಗೆ ನೆನಪಾಗದೆ ಹೋದರೆ ಎಂದು.

"ತಣ್ಣೀರು," ಎಂದಳು ಟ್ರೀನಾ. ಜಗ್ಗನ್ನೆತ್ತಿ ಪಾತ್ರೆಗೆ ಸುರಿದು ಜನರತ್ತ ತಿರುಗಿದಳು. "ಅಳ್ತಾ ಮರೆತುಬಿಟ್ಟೆ. ಈಗ ಗಸಿ ಕೂರ್ಬೇಕು. ಎಲ್ರೂ ಕಾಯ್ಬೇಕು."

"ಎಷ್ಟೊತ್ತಮ್ಮ?" ಎಂದ ಓರಿನ್.

"ಕೂರೋವರ್ಗೂ."

ಆಮೇಲೆ ಅವಳ ಕಣ್ಣು ತಾಯಿಯ ಮೇಲೆ ಬಿತ್ತು. "ನೀನ್ಯಾಕಮ್ಮ ಇಲ್ಲಿ? ಕಾಫಿ ಬೇಕಾದ್ರೆ ಲೈನಿಗೆ ಹೋಗು."

ಮಾರ್ಲಿಸ್ ಒಂದು ಖಾಲಿ ಕಪ್ಪು ತೆಗೆದುಕೊಂಡು ಹೊರಟಳು. ಸಾಲು ಮೇಜುಗಳನ್ನು ಬಳಸಿ ಮೆಟ್ಟಿಲು ಹತ್ತಿತ್ತು. ಎಲ್ಲರದೂ ಕರಿಯ ಬಟ್ಟೆ, ಎಲ್ಲರ ಕೈಯಲ್ಲೂ ಖಾಲಿ ಕಪ್ಪು; ಯಾರೂ ಅವಸರಪಡಿಸುತ್ತಿರಲಿಲ್ಲ. ಅವಳು ಒಬ್ಬೊಬ್ಬರನ್ನೇ ದಾಟಿ ಹೋಗಿ, ಮೆಟ್ಟಿಲ ಮೇಲೆ ಕೊನೆಯವಳಾಗಿ ನಿಂತಳು. ಅಲ್ಲಿಂದ ಮಗಳು ಕಾಣುತ್ತಿರಲಿಲ್ಲ.