ಪುಟ್ಟಮಾದಮ್ಮ ಕಾಲುಪೆಟ್ಟಿಗೆ ಕಲಿತದ್ದು

ಮದ್ದೂರಿನಿಂದ ಶಿವಪುರ ದಾಟಿ ಒಳದಾರಿ ಹಿಡಿದರೆ ಸಿಗುವ ಊರೊಂದರಲ್ಲಿ ಪುಟ್ಟರಾಜು ಎಂಬ ನಾಟಕದ ಮೇಷ್ಟರಿದ್ದರು. ಸುತ್ತಮುತ್ತಲಿನ ಎಷ್ಟೋ ಊರುಗಳ ಭೀಮರಿಗೂ ದುರ್ಯೋಧನರಿಗೂ ಹಾಡು ಕಲಿಸಿದ್ದು ಅವರೇ. ಅವರ ಪಡಸಾಲೆಯಲ್ಲಿ ಒಂದು ಕಾಲುಪೆಟ್ಟಿಗೆ ಇತ್ತು. ಮೇಜಿನಷ್ಟು ಎತ್ತರದ ಹಾರ್ಮೋನಿಯಂ ಅದು. ಕಾಲಲ್ಲಿ ತಿದಿ ತುಳಿಯುತ್ತ ಎರಡೂ ಕೈಯಲ್ಲಿ ನುಡಿಸಬೇಕು. ಮೇಷ್ಟರು ಕೂತು ತುಳಿದರೆ ಅದರ ದನಿ ಕೆರೆ ಏರಿಯವರೆಗೂ ಕೇಳುತ್ತಿತ್ತು.

ಮೂವತ್ತೆಂಟು ವರ್ಷದಿಂದ ಆ ಪೆಟ್ಟಿಗೆಯ ಧೂಳು ಒರೆಸುತ್ತ ಬಂದವಳು ಅವರ ಹೆಂಡತಿ ಪುಟ್ಟಮಾದಮ್ಮ. ಒರೆಸುವುದಕ್ಕಷ್ಟೇ ಅಪ್ಪಣೆ. ಅಪ್ಪಿತಪ್ಪಿ ಬೆರಳು ತಾಗಿ ಸ್ವರ ಹೊರಟರೆ, "ಲೇ, ಅದೇನು ರಾಗಿ ಕಲ್ಲಾ?" ಎಂದು ಮೇಷ್ಟರು ಹಟ್ಟಿಯಿಂದಲೇ ಗದರುತ್ತಿದ್ದರು. ಕರಿಯ ಎಂಬ ನಾಯಿಗೆ ಮಾತ್ರ ಆ ಕಟ್ಟುಪಾಡಿರಲಿಲ್ಲ. ಮೇಷ್ಟರು ನುಡಿಸಲು ಕೂತರೆ ಅದು ಬಂದು ತಿದಿಯ ಪಕ್ಕ ಮೂತಿ ಊರಿ ಮಲಗುತ್ತಿತ್ತು. ತಗ್ಗಿನ ಸ್ವರಕ್ಕೆ ಕಣ್ಣು ಮುಚ್ಚುವುದು, ಮೇಲಿನ ಸ್ವರ ಬಂತೆಂದರೆ ಕತ್ತೆತ್ತಿ ಊಳಿಡುವುದು. "ನನ್ ಶಿಷ್ಯಂದಿರಲ್ಲಿ ಇವನೊಬ್ನೇ ಸುರುತಿ ಬುಡ್ದೆ ಆಡೋನು" ಎಂದು ಮೇಷ್ಟರು ನಗುತ್ತಿದ್ದರು.

ಹೋದ ಯುಗಾದಿಯ ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಮೇಷ್ಟರು ಅಲ್ಲೇ ಕುಸಿದರು. ಮಂಡ್ಯದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಬಂದರು. ಜೀವ ಉಳಿಯಿತು. ಬಲಗೈ ಬಲಗಾಲು ಸೋತವು, ಮಾತು ಪೂರಾ ನಿಂತಿತು. ಹೇಳಬೇಕೆಂದು ಬಾಯಿ ತೆರೆದರೆ "ಅ... ಅ..." ಎಂಬಷ್ಟೇ ಬರುತ್ತಿತ್ತು. ಬರದಿದ್ದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಡಾಕ್ಟರು, "ಮಾತು ಬಂದ್ರೂ ಬರಬಹುದು, ಕೈಬಿಡದೆ ಅಭ್ಯಾಸ ಮಾಡಿಸಿ" ಎಂದಿದ್ದರು. ಪುಟ್ಟಮಾದಮ್ಮ ದಿನಾ ಲೋಟ ತೋರಿಸಿ "ನೀರು ಅನ್ನಿ" ಎನ್ನುವಳು. ಮೂರು ತಿಂಗಳಾದರೂ ನೀರು ಎಂಬ ಎರಡಕ್ಷರ ಹೊರಡಲಿಲ್ಲ. ಕರಿಯ ಮುಚ್ಚಿದ ಪೆಟ್ಟಿಗೆಯ ಕೆಳಗೆ ಬಿದ್ದುಕೊಂಡಿರುತ್ತಿತ್ತು. ಹಾಕಿದ ಮುದ್ದೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಒಂದು ದಿನ ಪೆಟ್ಟಿಗೆಯ ಮುಚ್ಚಳ ತೆಗೆದು ಒರೆಸುವಾಗ ಅವಳ ಕಾಲು ತಿದಿಯ ಮೇಲಿತ್ತು. ಬಟ್ಟೆ ಸ್ವರಪಟ್ಟಿಯ ಬಿಳಿ ಮನೆಯೊಂದನ್ನು ಒತ್ತಿತು. ಸ್ವರ ಹೊರಟದ್ದೇ ಕರಿಯ ಎದ್ದು ಕೂತು ಊಳಿಟ್ಟಿತು. ಅದರ ಹಿಂದೆಯೇ ಮಂಚದಿಂದ ಇನ್ನೊಂದು ದನಿ ಬಂತು. ಪುಟ್ಟಮಾದಮ್ಮ ತಿರುಗಿ ನೋಡಿದಳು. ಮೇಷ್ಟರು ಕಣ್ಣು ಮುಚ್ಚಿಕೊಂಡು ಅದೇ ಸ್ವರವನ್ನು ಹಿಡಿದಿದ್ದರು. ಅಲ್ಲಿಗೇ ನಿಲ್ಲಲಿಲ್ಲ, ಅಲ್ಲಿಂದ ನಾಲ್ಕು ಸ್ವರ ಇಳಿದು, ಎರಡು ಹತ್ತಿ, ಒಂದು ಹಾಡಿನ ಮೊದಲ ಸಾಲನ್ನು ಗುನುಗಿ ನಿಲ್ಲಿಸಿದರು. ದ್ರೌಪದಿ ಕೃಷ್ಣನನ್ನು ಕೂಗುವ ಹಾಡಿನ ಮಟ್ಟು ಅದು. ಆ ಮಟ್ಟು ಕಟ್ಟಿದ್ದು ತಾವೇ ಎನ್ನುತ್ತಿದ್ದರು ಮೇಷ್ಟರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಲೆ ಆರಿಸಿ, ಓರಗಿತ್ತಿಯನ್ನು ಗಂಡನ ಹತ್ತಿರ ಕೂರಿಸಿ, ಮಳವಳ್ಳಿಯ ಬಸ್ಸು ಹತ್ತಿದಳು.

ಮಳವಳ್ಳಿಯಲ್ಲಿ ಶಿವರಾಮು ಎಂಬ ಇನ್ನೊಬ್ಬ ನಾಟಕದ ಮೇಷ್ಟರಿದ್ದರು. ಒಂದು ಕಾಲಕ್ಕೆ ಪುಟ್ಟರಾಜುವಿನ ಜೀವದ ಗೆಳೆಯ. ಆ ದ್ರೌಪದಿಯ ಮಟ್ಟು ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಬಾಗಿಲಲ್ಲಿ ನಿಂತ ಪುಟ್ಟಮಾದಮ್ಮನನ್ನು ಕಂಡು ಶಿವರಾಮು ಮೊದಲು ಕೂತ್ಕೊ ಅನ್ನಲೂ ಇಲ್ಲ.

"ಅಣ್ಣ, ಆ ಮಟ್ಟು ನಂಗೆ ಪೆಟ್ಗೆ ಮೇಲೆ ಕಲ್ಸಿಕೊಡ್ಬೇಕು" ಎಂದಳು.

"ಯಾವ್ದು? ನಿನ್ ಗಂಡ ನನ್ ತಾವ ಕದ್ದಿದ್ದಾ?"

"ಯಾರ್ದಾರ ಆಗ್ಲಿ. ಅವ್ರ ಬಾಯಲ್ಲಿ ಮಾತಿಲ್ಲ ಕಣಣ್ಣ, ಆ ಮಟ್ಟು ಮಾತ್ರ ಅದೆ. ಅದ್ನ ಇಡ್ಕೊಂಡೇ ಮಾತ್ನ ಎಳೀಬೇಕು ನಾನು."

ಶಿವರಾಮು ಚಾಪೆಯನ್ನು ಅವಳ ಕಡೆ ಸರಿಸಿದರು. "ಅರವತ್ತಕ್ಕೆ ಬಂದಿದ್ದೀಯ. ಬೆರಳು ಬಗ್ತವಾ ತಂಗಿ?"

"ನಾಟಿ ಮಾಡಿರೋ ಬೆರಳು. ಬಗ್ದೆ ಎಲ್ಲೋಯ್ತವೆ?"

ವಾರಕ್ಕೆರಡು ಸಲ ಹೋದಳು. ಶಿವರಾಮು ತಮ್ಮ ಪೆಟ್ಟಿಗೆಯ ಸ್ವರದ ಮನೆಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರು. ಕಾಲು ಒಂದು ಲೆಕ್ಕದಲ್ಲಿ, ಕೈ ಒಂದು ಲೆಕ್ಕದಲ್ಲಿ ಹೋಗಬೇಕು; ಅವಳ ಕಾಲು ನಡೆದರೆ ಕೈ ನಿಲ್ಲುತ್ತಿತ್ತು, ಕೈ ನಡೆದರೆ ತಿದಿಯ ಉಸಿರು ಹೋಗುತ್ತಿತ್ತು. ಮಣಿಕಟ್ಟು ಊದಿಕೊಂಡಿತು. ಮನೆಯಲ್ಲಿ ಹಸುವಿನ ಕೆಲಸ ಮುಗಿಸಿ, ಗಂಡನಿಗೆ ಸ್ನಾನ ಮಾಡಿಸಿ, ಹಗಲಿಡೀ ಬಿಡುವು ಸಿಕ್ಕಾಗಲೆಲ್ಲ ಪೆಟ್ಟಿಗೆ ಮುಂದೆ ಕೂತಳು. ಕರಿಯ ಮೊದಮೊದಲು ಅವಳು ಕೂತ ಕೂಡಲೇ ಬಾಲ ಇಳಿಬಿಟ್ಟು ಬೀದಿಗೆ ಹೋಗಿಬಿಡುತ್ತಿತ್ತು. ಅವಳಿಗೆ ಅವಮಾನವಾದರೂ ನಗುವೇ ಬಂತು. ಮೂರನೆಯ ವಾರ ಅದು ಹೊಸಿಲವರೆಗೆ ಬಂದು ಕೂತಿತು. ಐದನೆಯ ವಾರ ತಿದಿಯ ಪಕ್ಕ ಬಂದು ಮಲಗಿತು. ಅವತ್ತು ಹಾಕಿದ ಮುದ್ದೆಯನ್ನು ಪೂರ್ತಿ ತಿಂದಿತು.

ಎದುರು ಮನೆಯ ಚೌಡಯ್ಯ ಒಂದು ಮಧ್ಯಾಹ್ನ ಜಗಲಿಗೆ ಬಂದು ನಿಂತ. "ಅಕ್ಕ, ಬೇಜಾರು ಮಾಡ್ಕಬ್ಯಾಡ. ಗಂಡ ಅಂಗೆ ಮಲ್ಗವ್ನೆ, ನೀನು ಪೆಟ್ಗೆ ಬಾರುಸ್ಕೊಂಡು ಕುಂತಿದ್ದೀಯ. ಮ್ಯಾಲೆ ನಾಯಿ ಊಳು ಬ್ಯಾರೆ, ಅಪಸಕುನ. ಊರೋರು ಏನಂತಾರೆ?"

"ಏನಾರ ಅನ್ಲಿ, ಚೌಡಯ್ಯ. ಊರೋರು ಅನ್ನೋದು ನಂಗೆ ಚೆಂದಾಗಿ ಕೇಳ್ಸುತ್ತೆ. ಇವ್ರು ಅನ್ನೋದು ಕೇಳ್ಸದೆ ನಾಕೈದು ತಿಂಗ್ಳಾಯ್ತು. ಬಾ, ಒಳಕ್ ಬಂದು ಕೇಳು, ಇಲ್ದಿದ್ರೆ ಓಗು."

ಅವನು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಪುಟ್ಟಮಾದಮ್ಮ ಅವನ ಮುಂದೆಯೇ ಮಟ್ಟನ್ನು ಮೊದಲಿಂದ ಎತ್ತಿಕೊಂಡಳು. ಸಿಟ್ಟಿಗೆ ಕಾಲು ಜೋರಾಯಿತು, ಎರಡನೆಯ ಸಾಲಿನಲ್ಲಿ ಬೆರಳು ಜಾರಿ ಪಕ್ಕದ ಕಪ್ಪು ಮನೆ ಒತ್ತಿತು.

"ತಪ್ಪು!"

ಪುಟ್ಟಮಾದಮ್ಮನ ಕಾಲು ನಿಂತಿತು. ಚೌಡಯ್ಯ ಜಗಲಿಯ ಕಂಬ ಹಿಡಿದುಕೊಂಡ. ಮಂಚದ ಮೇಲೆ ಮೇಷ್ಟರು ಎಡಗೈ ಎತ್ತಿ ಪೆಟ್ಟಿಗೆಯ ಕಡೆ ತೋರಿಸುತ್ತಿದ್ದರು. ಮುಖ ಕೆಂಪಾಗಿತ್ತು. "ತಪ್ಪು" ಎಂದು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದರು.

"ಸರಿ, ತಪ್ಪೇ" ಎಂದಳು ಅವಳು. "ಅಂಗಾರೆ ಸರಿ ಯಾವ್ದು, ಯೋಳಿ." ಮತ್ತೆ ಅಲ್ಲಿಂದಲೇ ನುಡಿಸಿದಳು. ಮೇಷ್ಟರು ಗುನುಗಿದರು. ಗುನುಗುತ್ತ ಗುನುಗುತ್ತ ತೊದಲು ಅಕ್ಷರಗಳು ಸೇರಿದವು. ಮೂರನೆಯ ಸಲಕ್ಕೆ "ಬಾರಯ್ಯ ಕೃಷ್ಣ" ಎಂದು ಮಾತೇ ಹಾಡಿನೊಳಗಿಂದ ಎದ್ದು ಬಂತು.

ಮುಂದಿನ ಸಲ ಮಂಡ್ಯಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಎಲ್ಲ ಕೇಳಿ ತಲೆದೂಗಿದರು. ಮಾತು ಮಿದುಳಿನ ಒಂದು ಕಡೆಯಿಂದ ಹೊರಡುತ್ತದೆ, ಹಾಡಿಗೆ ಇನ್ನೊಂದು ಕಡೆಯೂ ಕೈಜೋಡಿಸುತ್ತದೆ. ಕೆಲವರಿಗೆ ಹೀಗೆ ದಾರಿ ತೆರೆಯುವುದುಂಟು, ಎಲ್ಲರಿಗೂ ಅಲ್ಲ ಎಂದರು. ಪುಟ್ಟಮಾದಮ್ಮನಿಗೆ ಅಷ್ಟು ಸಾಕಾಯಿತು. ಮನೆಗೆ ಬಂದು ಅದೇ ಮಟ್ಟಿಗೆ ಬೇರೆ ಮಾತು ಕೂರಿಸಿದಳು: "ನೀರು ಕೊಡು", "ಬಾಗ್ಲು ತೆಗಿ", "ಬೆನ್ನು ಕೆರಿ". ಮೇಷ್ಟರು ಹಾಡಿಕೊಂಡೇ ನೀರು ಕೇಳಿದರು. ನೇರವಾಗಿ ಆಡಲು ಹೋದರೆ ಇನ್ನೂ ತಡವರಿಸುತ್ತಿದ್ದರು, ಹಾಗಾದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಕಾಯುತ್ತಿದ್ದಳು.

ದಸರೆಯ ಹೊತ್ತಿಗೆ ಶಿವರಾಮು ತಾವಾಗಿಯೇ ಬಂದರು. ಮಂಚದ ಪಕ್ಕ ಕೂತು, ಗೆಳೆಯನ ಸೋತ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಮೇಷ್ಟರು ಆ ಹಾಡನ್ನು ಎತ್ತಿದರು. ಮುಗಿದ ಮೇಲೆ ಶಿವರಾಮು, "ಮಟ್ಟು ನಂದೇ ಕಣ್ಲಾ" ಎಂದರು. ಮೇಷ್ಟರು ಅಲ್ಲವೆಂದು ಜೋರಾಗಿ ತಲೆಯಾಡಿಸಿ, ಎಡಗೈಯಿಂದ ಎದೆ ಬಡಿದುಕೊಂಡರು.

"ಜಗಳ ಆಮೇಕೆ ಆಡ್ಕೊಳಿ, ಇಬ್ರೂ" ಎಂದು ಪುಟ್ಟಮಾದಮ್ಮ ಪೆಟ್ಟಿಗೆ ಮುಂದೆ ಕೂತಳು. "ಅಣ್ಣ, ಒಂದು ಮಟ್ಟಲ್ಲಿ ಎಲ್ಲಾ ಮಾತೂ ಇಡ್ಸಲ್ಲ. ಇನ್ನೊಂದು ಬೇಕು ನಂಗೆ. ಇವತ್ತೇ ಸುರು ಮಾಡ್ಸು."

ಶಿವರಾಮು ಎದ್ದು ಬಂದು, ಸೀಮೆಸುಣ್ಣ ಎಲ್ಲಿದೆ ಎಂದು ಕೇಳಿದರು.