ಸುಣ್ಣದ ಗೆರೆಯ ಮನೆ

"ಏಯ್, ಆ ಹೆಣಾನ ಯಾವನೋ ಇಲ್ಲಿಗೆ ತಂದಿದ್ದು?" ವಸತಿ ಇಲಾಖೆಯ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು.

"ಹೆಣ ನಿಮ್ಮಪ್ಪ ಕಣೋ!" ಮಂಚದ ಮೇಲಿಂದ ಮುದುಕಿ ಗದರಿದಳು. ಸೊಂಟ ಮುರಿದು ಮೂರು ವರ್ಷವಾಗಿತ್ತು. ಕೈಕಾಲು ಬಿದ್ದಿದ್ದರೂ ಬಾಯಿ ಗಟ್ಟಿಯಾಗಿಯೇ ಇತ್ತು. ಮಂಚ ಹೊತ್ತು ತಂದಿದ್ದ ಮಗ, ಹಮಾಲಿ, ನಗು ತಡೆಯಲಾರದೆ ತಲೆ ತಗ್ಗಿಸಿದ.

ಇವರ ಗುಡಿಸಲುಗಳನ್ನು ಕೆಡವಿ ಇಲಾಖೆಯವರು ಅಲ್ಲಿ ಐದಂತಸ್ತಿನ ಕಟ್ಟಡ ಎಬ್ಬಿಸುವವರಿದ್ದರು. ಮುಂದಿನ ಬಯಲಲ್ಲಿ ಒಂದು ಮನೆ, ಅದರ ಮೆಟ್ಟಿಲು, ಎಲ್ಲವನ್ನೂ ನಿಜವಾದ ಅಳತೆಗೆ ಸುಣ್ಣದ ಗೆರೆಯಲ್ಲಿ ಬರೆದಿದ್ದರು. ಜನ ಅದರೊಳಗೆ ಓಡಾಡಿ ಅಭಿಪ್ರಾಯ ಹೇಳಬೇಕಂತೆ! ಇಷ್ಟು ವರ್ಷ ಉಚ್ಚೆ ಹೊಯ್ಯಲು ಒಂದು ಮರೆ ಕಟ್ಟಿಕೊಡದವರಿಗೆ ಇವತ್ತು ಇವರ ಅಭಿಪ್ರಾಯ ಬೇಕಾಗಿತ್ತು, ಥೂ.

ಹಮಾಲಿಗೆ ಬಂದಿದ್ದು ಎಲ್ಲಕ್ಕಿಂತ ಮೇಲಿನ ಐದನೇ ಅಂತಸ್ತಿನ ಮನೆ. ಲಿಫ್ಟ್ ಇಲ್ಲ. ಕಂಡವರ ಬೀರು, ಫ್ರಿಜ್ಜು ಹೊತ್ತು ಮೆಟ್ಟಿಲು ಹತ್ತಿದ ಬೆನ್ನು ಅವನದು. ಯಾವ ತಿರುವಲ್ಲಿ ಏನು ಸಿಕ್ಕಿಕೊಳ್ಳುತ್ತದೆಂದು ಕಣ್ಣಲ್ಲೇ ಅಳೆಯಬಲ್ಲ. ಸುಣ್ಣದ ಮೆಟ್ಟಿಲ ತಿರುವು ನೋಡಿದ್ದೇ ಅವ್ವನ ಮಂಚ ಇಲ್ಲಿ ಹಿಡಿಸದೆಂದು ತಿಳಿದಿತ್ತು. ವಾರಕ್ಕೆರಡು ಸಲ ಅವ್ವನನ್ನು ಆಸ್ಪತ್ರೆಗೆ ಒಯ್ಯಬೇಕು, ಅದೂ ಮಲಗಿಸಿಕೊಂಡೇ. ಕೂರಿಸಿದರೆ ಪ್ರಾಣ ಹೋದ ಹಾಗೆ ಕಿರುಚುತ್ತಾಳೆ.

"ಸಾರ್, ಈ ತಿರುವು ಇನ್ನೊಂದೆರಡಡಿ ಅಗಲ ಮಾಡ್ಸಿ. ಮಂಚ ತಿರುಗಲ್ಲ, ನೋಡಿ ಬೇಕಾದ್ರೆ."

ಅವನೂ ಹೆಂಡತಿಯೂ ಮಂಚ ಎತ್ತಿ ತಿರುಗಿಸಿದರು. ಮಂಚದ ಎರಡು ಕಾಲು ಗೋಡೆಯ ಗೆರೆಯಿಂದಾಚೆ ಹೋದವು.

ಸಾಹೇಬರ ಪಕ್ಕದಲ್ಲಿದ್ದ ಇಂಜಿನಿಯರ್ ಹಲ್ಲು ಕಿರಿದ. "ಟೆಂಡರ್ ಮುಗಿದು ಎರಡು ತಿಂಗಳಾಯ್ತು ಕಣಯ್ಯಾ. ಗೋಡೆಗೆ ಯಾವ ಬಣ್ಣ ಬೇಕು, ಅಷ್ಟು ಹೇಳು."

"ಮತ್ತೆ ನಮ್ಮವ್ವ?"

"ನಿಲ್ಸಿ, ಹಗ್ಗ ಕಟ್ಟಿ ಇಳಿಸು. ಬೀರು ಇಳಿಸಲ್ವಾ?" ಸಾಹೇಬರು ಸಮೋಸ ತಿಂದು ಬಾಯಿ ಒರೆಸಿಕೊಂಡ ಕಾಗದವನ್ನು ಮಂಚದ ಕೆಳಗೆ ಎಸೆದರು. "ಬೇಗ ಫೋಟೋ ತೆಗೀರಿ. ವಾಸನೆ ತಡಿಯಕ್ಕಾಗ್ತಿಲ್ಲ."

ಫೋಟೋಗೆಂದು ಸಾಹೇಬರೂ ಇಂಜಿನಿಯರೂ ತಿರುವಿನೊಳಗೆ ಬಂದು ನಿಂತರು.

"ಮಗಾ," ಎಂದಳು ಮುದುಕಿ, "ಇಳಿಸೋ ನನ್ನ ಇಲ್ಲೇ."

ಹಮಾಲಿ ಮಂಚವನ್ನು ಇಳಿಯುವ ದಾರಿಗೆ ಅಡ್ಡ ಇಟ್ಟ. ಹೆಂಡತಿ ಅವನ ಮುಖ ನೋಡಿದಳು, ಹೋಗಿ ಗೋಡೆಯ ಗೆರೆಯ ಮೇಲೆ ನಿಂತಳು. ಅವಳ ಭುಜಕ್ಕೆ ಭುಜ ಕೊಟ್ಟು ಕಸ ಗುಡಿಸುವ ಅಕ್ಕ ಬಂದಳು, ಅವಳ ಪಕ್ಕಕ್ಕೆ ಗಾರೆಯವನು. ನೋಡನೋಡುತ್ತ ಗೆರೆ ತುಂಬ ಜನ. ಮಂಚದ ಕಡೆ ಬಿಟ್ಟು ಬೇರೆ ದಾರಿಯೇ ಉಳಿಯಲಿಲ್ಲ.

"ಏಯ್, ಸರೀರೋ ಆಚೆ!"

"ಗೋಡೆ ಸರಿಯುತ್ತಾ ಸಾರ್?" ಎಂದ ಹಮಾಲಿ. "ಟೆಂಡರ್ ಮುಗಿದೋಗಿದೆ. ನಮ್ಮವ್ವನ್ನ ಎತ್ಕೊಂಡು ಇಳೀರಿ. ಮಲಗಿಸ್ಕೊಂಡೇ."

ಸಾಹೇಬರು ಪೊಲೀಸರನ್ನು ಕರೆಸುತ್ತೇನೆಂದು ಅರಚಿದರು. ಯಾರೂ ಮಿಸುಕಲಿಲ್ಲ. ಬಿಸಿಲು ನೆತ್ತಿಗೇರಿತು. ಕೊನೆಗೆ ಕರವಸ್ತ್ರ ಜೇಬಿಗೆ ತುರುಕಿ ಅವರು ತಲೆಯ ಕಡೆ ಹಿಡಿದರು, ಇಂಜಿನಿಯರ್ ಕಾಲ ಕಡೆ. ಮಂಚ ಎದ್ದಿತು, ಓರೆಯಾಯಿತು, ಗಾರೆಯವನ ಎದೆಗೆ ಗುದ್ದಿ ನಿಂತಿತು.

"ನಿಧಾನ ಕಣ್ರೋ ಬಡ್ಡಿಮಕ್ಳಾ," ಎಂದಳು ಮುದುಕಿ, "ಇನ್ನೂ ನಾಲ್ಕು ಮಹಡಿ ಇಳೀಬೇಕು."